ಟಾಸ್ಕ್‌ವಾರಿಯರ್: ನೆನಪಿಸುವುದಕ್ಕಿಂತ ಮರೆಸುವುದರಲ್ಲೇ ಜಾಣ

ಟಾಸ್ಕ್‌ವಾರಿಯರ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೆಲಸದ ಪಟ್ಟಿ ನಿಭಾಯಿಸುವ ತಂತ್ರಾಂಶ. ಇದನ್ನು ಹೊಗಳಿ ಬರೆದವರಲ್ಲಿ ಬಹಳಷ್ಟು ಜನ ಅದನ್ನು ಇನ್‌ಸ್ಟಾಲ್ ಮಾಡಿದ ವಾರದಲ್ಲೇ ಬರೆದಿರುತ್ತಾರೆ. ಕಪ್ಪು ಪರದೆ, ಬಣ್ಣದ ಪಟ್ಟಿ, ಮೌಸ್ ಮುಟ್ಟದೆ ಕೆಲಸ ಆಗುವ ಖುಷಿ, ಅಲ್ಲಿಗೆ ಮುಗಿಯಿತು. ನಾನು 2.5 ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಸಣ್ಣಪುಟ್ಟ ಕಂಪನಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ, ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಆ ಕಪ್ಪು ಪರದೆ) ದಿನವಿಡೀ ತೆರೆದೇ ಇರುತ್ತದೆ. ಕೆಲಸದ ಪಟ್ಟಿಯೂ ಅಲ್ಲೇ ಇದ್ದರೆ ಅನುಕೂಲ. ನೀವು ದಿನವಿಡೀ ಬ್ರೌಸರ್‌ನಲ್ಲೋ ಫೋನಿನಲ್ಲೋ ಇರುವವರಾದರೆ ಈ ಲೆಕ್ಕ ತಲೆಕೆಳಗು. ಓದು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ತಂತ್ರಾಂಶ ಉಚಿತ, ಎಂಐಟಿ ಲೈಸೆನ್ಸ್. ‘ಟಾಸ್ಕ್ ಆ್ಯಡ್’ ಅಂದರೆ ಸೇರಿತು, ‘ಟಾಸ್ಕ್ 12 ಡನ್’ ಅಂದರೆ ಮುಗಿಯಿತು, ಕೈತಪ್ಪಿದರೆ ‘ಟಾಸ್ಕ್ ಅಂಡೂ’. (ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಹೇಳಬೇಕಿಲ್ಲ.) ಇಷ್ಟೇ ಬೇಕಿದ್ದರೆ ಒಂದು ಟೆಕ್ಸ್ಟ್ ಫೈಲ್ ಸಾಕು, ಟೊಡೊ ಡಾಟ್ ಟಿಎಕ್ಸ್‌ಟಿ ಅನ್ನುವ ಸರಳ ಪದ್ಧತಿ 2006ರಿಂದಲೇ ಇದೆ.

ನನ್ನನ್ನು ಇಷ್ಟು ಕಾಲ ಹಿಡಿದಿಟ್ಟಿರುವುದು ‘ವೇಟ್’. ಒಬ್ಬ ಗ್ರಾಹಕರ ಡೊಮೇನ್ ನವೆಂಬರ್ 8ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ‘ಟಾಸ್ಕ್ ಆ್ಯಡ್ ಡೊಮೇನ್ ರಿನ್ಯೂ ಡ್ಯೂ:2026-11-08 ವೇಟ್:ಡ್ಯೂ-15ಡಿ’ ಎಂದು ಬರೆದರೆ (ಡ್ಯೂ ಅಂದರೆ ಗಡುವು, ವೇಟ್ ಅಂದರೆ ಅದಕ್ಕೆ 15 ದಿನ ಮುಂಚಿನ ತನಕ ಅಡಗಿರು) ಆ ಕೆಲಸ ಪಟ್ಟಿಯಿಂದ ಮಾಯ. ಅಕ್ಟೋಬರ್ 24ಕ್ಕೆ ತಾನೇ ಬಂದು ಕೂರುತ್ತದೆ. ಅಲ್ಲಿಯತನಕ ಅದರ ಮುಖ ನೋಡಬೇಕಾಗಿಲ್ಲ. ಪ್ರತಿ ತಿಂಗಳು 20ರೊಳಗೆ ತುಂಬಬೇಕಾದ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-3ಬಿ ಕೂಡ ಹೀಗೇ, 14ರ ತನಕ ನನ್ನ ಕಣ್ಣಿಗೆ ಬೀಳುವುದಿಲ್ಲ. ಉಳಿದ ಆ್ಯಪ್‌ಗಳಲ್ಲಿ ನನಗೆ ಆಗುತ್ತಿದ್ದ ಸಮಸ್ಯೆಯೇ ಇದು: ಮುಂದಿನ ವರ್ಷದ ಕೆಲಸವೂ ಇವತ್ತಿನ ಪಟ್ಟಿಯಲ್ಲೇ ಕೂತು ಬೆದರಿಸುತ್ತಿತ್ತು. ಪಟ್ಟಿ ಉದ್ದವಾದರೆ ನೋಡುವ ಮನಸ್ಸಾಗದು, ನೋಡದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ.

ಕಣ್ಣಿಗೆ ಬೀಳುವ ಕೆಲಸಗಳನ್ನು ಅದು ‘ಅರ್ಜೆನ್ಸಿ’ ಅಂಕದ ಪ್ರಕಾರ ಜೋಡಿಸುತ್ತದೆ. ಡ್ಯೂ ದಿನಾಂಕಕ್ಕೆ ಗರಿಷ್ಠ 12, ಬೇರೆ ಕೆಲಸವನ್ನು ತಡೆದು ನಿಲ್ಲಿಸಿರುವುದಕ್ಕೆ 8, ಹೈ ಪ್ರಯಾರಿಟಿಗೆ 6, ಈಗಾಗಲೇ ಶುರು ಮಾಡಿದ್ದಕ್ಕೆ 4. ಡ್ಯೂ ಅಂಕ ಒಮ್ಮೆಲೇ ಬರುವುದಿಲ್ಲ. ಎರಡು ವಾರ ಮುಂಚಿನಿಂದ ನಿಧಾನವಾಗಿ ಏರಿ, ಗಡುವು ದಾಟಿ ಒಂದು ವಾರವಾದಾಗ ತುದಿ ಮುಟ್ಟುತ್ತದೆ. ಅಂಕಗಳನ್ನು ಬದಲಿಸಿಕೊಳ್ಳಬಹುದು. ವಯಸ್ಸಿಗೆ ಕೊಡುವ 2 ಅಂಕವನ್ನು ನಾನು ಸೊನ್ನೆ ಮಾಡಿದ್ದೇನೆ, ಹಳೆಯದಾದ ಮಾತ್ರಕ್ಕೆ ಕೆಲಸ ಮುಖ್ಯವಾಗುತ್ತದೆ ಅನ್ನುವ ವಾದ ನನಗೆ ಒಪ್ಪಿಗೆಯಾಗಿಲ್ಲ. ಹೊಸಬರು ಮಾತ್ರ ಮೊದಲ ಕೆಲವು ತಿಂಗಳು ಏನನ್ನೂ ಮುಟ್ಟದಿರುವುದು ಒಳ್ಳೆಯದು. ಕೆಲಸ ಬಿಟ್ಟು ಅಂಕ ತಿದ್ದುತ್ತಾ ಕೂರುವ ಚಟ ಹತ್ತುತ್ತದೆ.

ಒಂದು ಎಚ್ಚರ. ಪಟ್ಟಿಯಲ್ಲಿ ಕಾಣುವ 12, 13 ಇವೆಲ್ಲ ಶಾಶ್ವತ ನಂಬರ್ ಅಲ್ಲ. ಮುಗಿದ ಕೆಲಸಗಳು ಹೋದ ಮೇಲೆ ಉಳಿದವುಗಳ ನಂಬರ್ ಬದಲಾಗುತ್ತದೆ. ಬೆಳಿಗ್ಗೆಯ ನಂಬರ್ ನೆನಪಿಟ್ಟುಕೊಂಡು ಸಂಜೆ ‘ಡನ್’ ಹೊಡೆಯಬೇಡಿ. ಸ್ಕ್ರಿಪ್ಟ್ ಬರೆಯುವವರು ಯುಯುಐಡಿಯನ್ನೇ (ಪ್ರತಿ ಕೆಲಸಕ್ಕೂ ಇರುವ, ಬದಲಾಗದ ಉದ್ದನೆಯ ಗುರುತು) ಬಳಸಿ.

ನೋಟ್ಸ್ ವಿಚಾರದಲ್ಲಿ ಇದರ ಯೋಗ್ಯತೆ ಅಷ್ಟಕ್ಕಷ್ಟೆ. ‘ಅನೋಟೇಟ್’ ಮಾಡಿದರೆ ಕೆಲಸದ ಕೆಳಗೆ ದಿನಾಂಕದ ಸಮೇತ ಒಂದು ಸಾಲು ಸೇರುತ್ತದೆ. ‘ಫೋನ್ ಮಾಡಿದೆ, ಸೋಮವಾರ ಹೇಳ್ತಾರಂತೆ’ ಅನ್ನುವಂಥದ್ದಕ್ಕೆ ಅದು ಬಹಳ ಚೆನ್ನಾಗಿದೆ. ಅದಕ್ಕಿಂತ ಉದ್ದದ್ದನ್ನೆಲ್ಲ ಒಂದು ಫೋಲ್ಡರ್‌ನಲ್ಲಿ ಮಾರ್ಕ್‌ಡೌನ್ ಎಂಬ ಸಾದಾ ಟೆಕ್ಸ್ಟ್ ಫೈಲುಗಳಾಗಿ ಇಟ್ಟು, ಪ್ರತಿ ಬದಲಾವಣೆಯ ಇತಿಹಾಸ ಉಳಿಸುವ ಗಿಟ್‌ಗೆ ಹಾಕಿ, ಫೈಲುಗಳೊಳಗೆ ಪದ ಹುಡುಕುವ ರಿಪ್‌ಗ್ರೆಪ್‌ನಿಂದ ಹುಡುಕುತ್ತೇನೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಎರಡು ತೊಡಕು. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದು ಚೌಕ ಕೊಡುವ ಲೆಕ್ಕದಲ್ಲಿ ಹುಟ್ಟಿದ್ದು. ನಮ್ಮ ಒತ್ತಕ್ಷರ, ಗುಣಿತಾಕ್ಷರ ಆ ಚೌಕದೊಳಗೆ ಕೂರುವುದಿಲ್ಲ. ಬಹುತೇಕ ಟರ್ಮಿನಲ್‌ಗಳಲ್ಲಿ ಅಕ್ಷರ ಒಂದರ ಮೇಲೊಂದು ಬೀಳುತ್ತದೆ, ಪಟ್ಟಿಯ ಸಾಲು ಸೊಟ್ಟಗಾಗುತ್ತದೆ. ಇದರಲ್ಲಿ ಟಾಸ್ಕ್‌ವಾರಿಯರ್ ತಪ್ಪೇನಿಲ್ಲ, ಆದರೆ ಅನುಭವಿಸುವವರು ನಾವು. ನನ್ನ ಕೆಲಸದ ಪಟ್ಟಿ ಹಾಗಾಗಿ ವಾಟ್ಸ್‌ಆ್ಯಪ್ ಕಂಗ್ಲಿಷ್‌ನಲ್ಲಿದೆ, ನೋಟ್ಸ್ ಮಾತ್ರ ಕನ್ನಡದಲ್ಲಿ, ಅದನ್ನು ತೆರೆಯುವುದು ಬೇರೆ ಎಡಿಟರ್‌ನಲ್ಲಿ. ಎರಡನೆಯದು ಹುಡುಕಾಟದ್ದು. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಬೇಕು. ಒಂದು ಫೈಲಿನಲ್ಲಿ ಅದು ಇದ್ದು ಹುಡುಕುವಾಗ ಹಾಕದಿದ್ದರೆ ಫಲಿತಾಂಶ ಶೂನ್ಯ. ‘ವೇರ್’ ಅಂತ ಅರ್ಧ ಪದ ಕೊಟ್ಟು ಹುಡುಕುವುದೇ ಸುಲಭದ ದಾರಿ.

2024ರ ಮಾರ್ಚಿನಲ್ಲಿ ಬಂದ ಟಾಸ್ಕ್‌ವಾರಿಯರ್ 3.0 ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಎಲ್ಲವೂ ಸಾದಾ ಟೆಕ್ಸ್ಟ್ ಫೈಲುಗಳಲ್ಲಿತ್ತು, ಬೇಕಾದರೆ ತೆರೆದು ಓದಬಹುದಿತ್ತು. ಈಗ ರಸ್ಟ್ ಭಾಷೆಯಲ್ಲಿ ಬರೆದ ಟಾಸ್ಕ್‌ಚಾಂಪಿಯನ್ ಎಂಬ ಭಾಗ ಎಲ್ಲವನ್ನೂ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಡುತ್ತದೆ. ಕಂಪ್ಯೂಟರ್‌ಗಳ ನಡುವೆ ಪಟ್ಟಿ ಹೊಂದಿಸುವ ಹಳೆಯ ಸಿಂಕ್ ಸರ್ವರ್ ಇದಕ್ಕೆ ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಬೇಕು, ಇಲ್ಲವೇ ಕ್ಲೌಡ್ ಸ್ಟೋರೇಜ್ ಜೋಡಿಸಬೇಕು. ಹೊಸ ವ್ಯವಸ್ಥೆಯಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿಯೇ ಹೊರಗೆ ಹೋಗುತ್ತದೆ, ಅದು ಒಳ್ಳೆಯದೇ. ಆದರೂ ಡೇಟಾ ಫೋಲ್ಡರನ್ನೇ ಗಿಟ್‌ಗೆ ಹಾಕಿ ನೆಮ್ಮದಿಯಾಗಿದ್ದ ನನ್ನಂಥವರಿಗೆ ಕೈಯಲ್ಲಿದ್ದದ್ದು ಹೋದಂತಾಯಿತು. ಇನ್ನೂ 2ನೇ ಆವೃತ್ತಿಯಲ್ಲೇ ಇರುವವರು ಮೇಲೇರುವ ಮುನ್ನ ‘ಟಾಸ್ಕ್ ಎಕ್ಸ್‌ಪೋರ್ಟ್’ ಕೊಟ್ಟು ಎಲ್ಲವನ್ನೂ ಜೇಸನ್ ಎಂಬ ಟೆಕ್ಸ್ಟ್ ರೂಪದ ಫೈಲಿಗೆ ತೆಗೆದಿಟ್ಟುಕೊಳ್ಳಿ. ಮೇಲೇರಿದ ಮೇಲೂ ಇದೇ ಆಜ್ಞೆ ದಿನಾ ರಾತ್ರಿ ತಾನೇ ಓಡುವಂತೆ ಕ್ರಾನ್‌ಗೆ ಹಾಕಿ. ಓದಬಹುದಾದ ಬ್ಯಾಕಪ್ ಈಗ ಅದೊಂದೇ.

ಮರುಕಳಿಸುವ ಕೆಲಸಗಳಲ್ಲಂತೂ ಇದು ಇನ್ನೂ ಕುಂಟುತ್ತಿದೆ. ‘ರಿಕರ್:ಮಂತ್ಲಿ’ (ಪ್ರತಿ ತಿಂಗಳು ಮರುಕಳಿಸು) ಮುಂದಿನ ತಾರೀಖನ್ನು ಲೆಕ್ಕ ಹಾಕುವುದು ಹಿಂದಿನ ಗಡುವಿನಿಂದ, ನೀವು ಕೆಲಸ ಮುಗಿಸಿದ ದಿನದಿಂದಲ್ಲ. ಜಿಎಸ್‌ಟಿಗೆ ಸರಿಹೋಗುತ್ತದೆ. ನೀರಿನ ಫಿಲ್ಟರ್ ಬದಲಿಸಿ ಮೂರು ತಿಂಗಳಾದ ಮೇಲೆ ನೆನಪಿಸು ಅಂದರೆ ಅದಕ್ಕೆ ದಾರಿಯಿಲ್ಲ. ಎರಡು ಕಂಪ್ಯೂಟರ್ ಸಿಂಕ್ ಮಾಡುವವರು ಒಂದರಲ್ಲಿ ಮಾತ್ರ ರಿಕರೆನ್ಸ್ ಆನ್ ಇಡಬೇಕು, ಇಲ್ಲದಿದ್ದರೆ ಒಂದೇ ಕೆಲಸ ಎರಡೆರಡಾಗಿ ಹುಟ್ಟುತ್ತದೆ. ಕಚೇರಿ ಕೆಲಸಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ. ಮನೆಗೆ ಎರಡು ಕೊಡುವುದೂ ಜಾಸ್ತಿ: ಫಿಲ್ಟರ್, ಗ್ಯಾಸ್ ಬುಕಿಂಗ್, ಹಾಲಿನ ಲೆಕ್ಕ ಎಲ್ಲ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲೇ ಇವೆ, ಮನೆಯವರಿಗೆಲ್ಲ ಕಾಣುವ ಜಾಗ ಅದು.