3 ಟೆಸ್ಲಾನಾ, 7 ಟೆಸ್ಲಾನಾ? ಮೆದುಳಿನ ಎಂಆರ್‌ಐಗೆ ಯಾವುದು ಸರಿ?

ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲವನ್ನು ಅಳೆಯುವ ಮಾನ. ನಂಬರ್ ದೊಡ್ಡದಾದಷ್ಟೂ ಚಿತ್ರ ಚೆನ್ನಾಗಿರುತ್ತದೆ ಅಲ್ವಾ? ಅರ್ಧ ಮಾತ್ರ ನಿಜ.

3 ಟೆಸ್ಲಾ ಯಂತ್ರ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಮೆದುಳನ್ನು ಸುಮಾರು 1 ಮಿ.ಮೀ. ಸೂಕ್ಷ್ಮತೆಯಲ್ಲಿ ತೋರಿಸುತ್ತದೆ. ಪಾರ್ಶ್ವವಾಯು, ಗಡ್ಡೆಯಂಥ ಹೆಚ್ಚಿನ ಪ್ರಶ್ನೆಗಳಿಗೆ ಅಷ್ಟು ಸಾಕು.

7 ಟೆಸ್ಲಾದಲ್ಲಿ ಸಿಗ್ನಲ್ ಜಾಸ್ತಿ. ಅರ್ಧ ಮಿ.ಮೀ.ವರೆಗೂ ಇಳಿಯಬಹುದು. ಮೆದುಳಿನ ಹೊರಪದರದ ದಪ್ಪವೇ 2ರಿಂದ 4 ಮಿ.ಮೀ.; ಅದರಲ್ಲಿ ಅಡಗಿದ ಸಣ್ಣ ದೋಷ 3 ಟೆಸ್ಲಾ ಕಣ್ಣಿಗೆ ತಪ್ಪಿಹೋಗುವುದುಂಟು. ಔಷಧಿಗೆ ಬಗ್ಗದ ಮೂರ್ಛೆರೋಗದಲ್ಲಿ ಇಂಥ ದೋಷ ಸಿಕ್ಕರೆ ಶಸ್ತ್ರಚಿಕಿತ್ಸೆಯ ದಾರಿ ತೆರೆಯಬಹುದು. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ಮೆದುಳಿನಲ್ಲಿ ಮೂಡುವ ಕಲೆಯ ನಟ್ಟನಡುವೆ ಹಾದುಹೋಗುವ ಕೂದಲೆಳೆಯಂಥ ರಕ್ತನಾಳವೂ ಸ್ಪಷ್ಟ. ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2017ರಲ್ಲೇ 7 ಟೆಸ್ಲಾ ಯಂತ್ರವನ್ನು ರೋಗಿಗಳ ತಪಾಸಣೆಗೆ ಒಪ್ಪಿದೆ.

ಆದರೆ ತಕರಾರುಗಳೂ ಇವೆ. 7 ಟೆಸ್ಲಾದಲ್ಲಿ ಚಿತ್ರ ತೆಗೆಯಲು ಬಳಸುವ ರೇಡಿಯೋ ತರಂಗದ ಉದ್ದ ತಲೆಯೊಳಗೆ ಸುಮಾರು 13 ಸೆಂ.ಮೀ.ಗೆ ಕುಗ್ಗುತ್ತದೆ, ಅಂದರೆ ತಲೆಗಿಂತ ಚಿಕ್ಕದು. ಹಾಗಾಗಿ ತರಂಗ ತಲೆಯಲ್ಲೆಲ್ಲ ಸಮನಾಗಿ ಹರಡದೆ, ಕಿವಿಯ ಹತ್ತಿರದ ಭಾಗ ಮಬ್ಬಾಗುತ್ತದೆ. ಒಳಗೆ ಹೋಗುವಾಗ ತಲೆ ಸುತ್ತಬಹುದು, ಬಾಯಲ್ಲಿ ಲೋಹದ ರುಚಿ ಬರಬಹುದು. ಶಸ್ತ್ರಚಿಕಿತ್ಸೆಯಲ್ಲಿ ಮೈಯೊಳಗೆ ಹಾಕಿದ ಕ್ಲಿಪ್ಪೋ ಸ್ಟೆಂಟೋ ಇದ್ದರೆ ಮೊದಲೇ ಹೇಳಿ. 3 ಟೆಸ್ಲಾದಲ್ಲಿ ಸುರಕ್ಷಿತ ಅಂದಮಾತ್ರಕ್ಕೆ 7 ಟೆಸ್ಲಾದಲ್ಲೂ ಸುರಕ್ಷಿತ ಅನ್ನುವಂತಿಲ್ಲ.

ಫ್ರಾನ್ಸಿನ ಸಾಕ್ಲೇಯಲ್ಲಿ 132 ಟನ್ನಿನ ಮ್ಯಾಗ್ನೆಟ್ಟಿರುವ 11.7 ಟೆಸ್ಲಾ ಯಂತ್ರವೂ ಇದೆ. ಅದು ಸಂಶೋಧನೆಗೆ, ನಮ್ಮ ಆಯ್ಕೆಯ ಪಟ್ಟಿಗಲ್ಲ.

ಬರೀ ತಲೆನೋವಿಗೆ 7 ಟೆಸ್ಲಾ ಹುಡುಕಿಕೊಂಡು ಸುಮ್ನೆ ಅಲೆಯಬೇಡಿ. 3 ಟೆಸ್ಲಾದಲ್ಲಿ ಏನೂ ಕಾಣದೆ ಮೂರ್ಛೆ ಮಾತ್ರ ನಿಲ್ಲುತ್ತಿಲ್ಲ ಅಂದರೆ ನರರೋಗ ತಜ್ಞರನ್ನು ಕೇಳಿ ನೋಡಿ.