ಹಸಿ ಕಸ ಸಂಗ್ರಹಣಾ ಸೇವೆ: ಕೆಲವು ವರ್ಷಗಳ ಬಳಕೆಯ ನಂತರ

ನಮ್ಮ ವಸತಿ ಸಮುಚ್ಚಯವೂ ಅದರ ನೆಲಮಹಡಿಯ ಉಪಾಹಾರ ಗೃಹವೂ ಹಸಿ ಕಸದಿಂದ ಗೊಬ್ಬರ ಮಾಡುವ ಒಂದೇ ಸಂಸ್ಥೆಗೆ ಕಸ ಕೊಡುತ್ತ ಬಂದು ಕೆಲವು ವರ್ಷಗಳಾಗಿವೆ. ಹೊಸದಾಗಿ ಸೇರುವವರು ಮೊದಲು ವಿಚಾರಿಸುವುದು ಶುಲ್ಕವನ್ನು. ಆದರೆ ಇಂಥ ಸೇವೆ ಬಾಳುವುದೋ ಇಲ್ಲವೋ ಎಂಬುದು ಕಸದ ಡಬ್ಬವನ್ನು ನೋಡಿಕೊಳ್ಳುವ ರೀತಿಯಿಂದಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅನುಭವ.

ಆಹಾರ ತ್ಯಾಜ್ಯದ ತೂಕದ ಬಹುಪಾಲು ನೀರೇ ಆಗಿರುವುದರಿಂದ ಡಬ್ಬದ ತಳಕ್ಕೆ ಬೇಗನೆ ರಸ ಇಳಿಯುತ್ತದೆ. ಗಾಳಿಯಾಡದ ಆ ಪದರದಲ್ಲಿ ಹುಳಿ ವಾಸನೆ ಹುಟ್ಟಿ ನೊಣ ಮುತ್ತುತ್ತವೆ. ಈ ಸಂಸ್ಥೆಯವರು ಕಸವನ್ನು ವಾಹನಕ್ಕೆ ಸುರಿದುಕೊಂಡು ಅದೇ ಡಬ್ಬವನ್ನು ಮರಳಿ ಇಟ್ಟು ಹೋಗುವುದಿಲ್ಲ. ತುಂಬಿದ್ದನ್ನು ಮುಚ್ಚಳಸಮೇತ ಒಯ್ದು, ತೊಳೆದು ಒಣಗಿಸಿದ ಬೇರೊಂದನ್ನು ತಳಕ್ಕೆ ಮರದ ಹೊಟ್ಟು ಹರಡಿ ಇಡುತ್ತಾರೆ. ವಾಸನೆಯ ದೂರುಗಳು ನಿಂತದ್ದು ಇದರಿಂದಲೇ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಅವರು ಬೆರಕೆ ಕಸವನ್ನು ನಿರಾಕರಿಸುವ ಬಗೆ. ಒಯ್ಯುವ ಮೊದಲು ಸಿಬ್ಬಂದಿ ಮುಚ್ಚಳ ತೆಗೆದು ನೋಡುತ್ತಾರೆ. ಪ್ಲಾಸ್ಟಿಕ್ ಚೀಲವೋ ಗಾಜೋ ಕಂಡರೆ ಡಬ್ಬಕ್ಕೆ ಕೆಂಪು ಚೀಟಿ ಅಂಟಿಸಿ, ಕಾರಣ ಬರೆದು, ಚಿತ್ರವನ್ನು ನಮ್ಮ ಸಂಘಕ್ಕೆ ಕಳುಹಿಸುತ್ತಾರೆ. ಆರಂಭದಲ್ಲಿ ಹಲವು ನಿವಾಸಿಗಳು ಇದಕ್ಕೆ ಸಿಟ್ಟಾಗಿದ್ದರು. ಆದರೆ ಪ್ಲಾಸ್ಟಿಕ್ ಒಮ್ಮೆ ಯಂತ್ರದಲ್ಲಿ ಚೂರಾದರೆ ಯಾವ ಜರಡಿಯೂ ಅದನ್ನು ಪೂರ್ತಿಯಾಗಿ ಬೇರ್ಪಡಿಸಲಾರದು, ಹಣ್ಣಿನ ಮೇಲಿನ ಪುಟ್ಟ ಅಂಟುಚೀಟಿಯೂ ಗೊಬ್ಬರದ ಜೊತೆ ಮಣ್ಣು ಸೇರುತ್ತದೆ. ಹೀಗಿರುವಾಗ ಎಲ್ಲವನ್ನೂ ಪ್ರಶ್ನಿಸದೆ ತೆಗೆದುಕೊಂಡು ಹೋಗುವ ಸೇವೆಯ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಮನೆಯಲ್ಲಿ ಗೊಬ್ಬರ ಮಾಡುವ ಕುಂಡದಲ್ಲಿ ಹಾಕಬಾರದ ಮಾಂಸ, ಮೂಳೆಗಳನ್ನೂ ಇವರು ಸ್ವೀಕರಿಸುತ್ತಾರೆ. ದೊಡ್ಡ ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೆಯೇ ಉಳಿದರೆ ರೋಗಾಣುಗಳೂ ಬಹುಪಾಲು ಕಳೆಬೀಜಗಳೂ ನಾಶವಾಗುತ್ತವೆ. ಸಣ್ಣ ಕುಂಡಕ್ಕೆ ಅಷ್ಟು ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಕರಿದ ಎಣ್ಣೆಯನ್ನು ಮಾತ್ರ ಉಪಾಹಾರ ಗೃಹದವರು ಬೇರೆಯಾಗಿ ಇಡಬೇಕು.

ಕೊರತೆಗಳೂ ಇವೆ. ರಜಾದಿನಗಳಲ್ಲಿ, ಅಂದರೆ ಕಸ ಅತಿ ಹೆಚ್ಚಾಗುವ ಹೊತ್ತಿನಲ್ಲೇ, ವಾಹನ ತಪ್ಪುತ್ತದೆ. ಮನೆಗಳವರು ಒಂದು ದಿನ ಸಹಿಸಿಕೊಳ್ಳಬಹುದು, ಅಡುಗೆಮನೆಯ ಹಿಂಬಾಗಿಲಲ್ಲೇ ಡಬ್ಬಗಳನ್ನಿಡುವ ವ್ಯಾಪಾರಸ್ಥರಿಗೆ ಅದು ಸಾಧ್ಯವಿಲ್ಲ. ತೂಕದ ಬದಲು ಡಬ್ಬದ ಲೆಕ್ಕದಲ್ಲಿ ಶುಲ್ಕ ಹಾಕುವುದರಿಂದ, ಕಸ ಕಡಿಮೆ ಮಾಡಿದ ಮನೆಗಳಿಗೆ ಅದರ ಲಾಭ ಸಿಗುವುದೂ ಇಲ್ಲ.

ಮರಳಿ ಬರುವ ಗೊಬ್ಬರದ ಬಗ್ಗೆಯೂ ಹೇಳಲೇಬೇಕು. ಮೊದಲ ಸಲ ಬಂದದ್ದು ಮುಟ್ಟಿದರೆ ಇನ್ನೂ ಬಿಸಿಯಾಗಿತ್ತು, ಮೂಗಿಗೆ ಅಮೋನಿಯಾ ಘಾಟು ಹೊಡೆಯುತ್ತಿತ್ತು. ತೋಟ ನೋಡಿಕೊಳ್ಳುವವರು, ಇದು ಮಾಗಿಲ್ಲ, ಎಳೆಯ ಬೇರು ಸುಡುತ್ತದೆ ಎಂದು ಅದನ್ನು ಬಳಸಲು ಒಪ್ಪಲಿಲ್ಲ. ಸಂಸ್ಥೆಯವರು ವಾದಿಸದೆ ಹಿಂದಕ್ಕೆ ಒಯ್ದರು. ಈಗ ಬರುವ ಗೊಬ್ಬರ ಕಡುಕಂದು ಬಣ್ಣದ್ದು, ಮುಷ್ಟಿಯಲ್ಲಿ ಹಿಡಿದರೆ ಹುಡಿಯಾಗಿ ಉದುರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಒಪ್ಪಂದವನ್ನು ನಾವು ಮತ್ತೆ ನವೀಕರಿಸಿದ್ದೇವೆ. ರಜಾದಿನಗಳ ಸಂಗ್ರಹಣೆಯನ್ನು ಈ ಸಲ ಲಿಖಿತ ಷರತ್ತಾಗಿ ಸೇರಿಸಿದ್ದೇವೆ.