ಕಾಗದದಲ್ಲಿ ಕೆಡವಿದ ನನ್ನ ಅಡುಗೆಮನೆ: ಮನೆ ತೆರಿಗೆ ಕಡಿಮೆ ಮಾಡಿಸಲು ಹೋಗಿ ಆದ ಅವಾಂತರ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ನಮ್ಮ ಕನ್ನಡದವರು ಇದನ್ನು ಒಮ್ಮೆ ಓದಿ. ಮುಖ್ಯವಾಗಿ ನನ್ನ ಹಾಗೆ ಕನ್ನಡ ಮೀಡಿಯಂನಲ್ಲಿ ಕಲಿತು, ಮಲಯಾಳ ಮಾತಾಡಲು ಬಂದರೂ ಓದಲು ಬಾರದವರು. ಹೇಳಲು ನಾಚಿಕೆಯೇ ಆಗುತ್ತದೆ. ಆದರೆ ಹೋದ ತಿಂಗಳು ನಮ್ಮ ವಾರ್ಡಿನಲ್ಲೇ ಇನ್ನಿಬ್ಬರು ಇದೇ ಗುಂಡಿಗೆ ಬಿದ್ದದ್ದು ಗೊತ್ತಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

2023ರ ಏಪ್ರಿಲ್ 1ರಿಂದ ಕೇರಳದಲ್ಲಿ ಕಟ್ಟಡ ತೆರಿಗೆ ಏರಿತಲ್ಲ, ಆಗ ಶುರುವಾದದ್ದು. ನಮ್ಮದು 1,230 ಚದರ ಅಡಿಯ ಮನೆ. ಚದರ ಮೀಟರ್ ಲೆಕ್ಕದಲ್ಲಿ 114. ಮೊದಲು ವರ್ಷಕ್ಕೆ 600 ರೂಪಾಯಿಯ ಹತ್ತಿರ ಕಟ್ಟುತ್ತಿದ್ದೆ. ಏರಿದ ಮೇಲೆ ನಮ್ಮ ಪಂಚಾಯತಿನಲ್ಲಿ ಚದರ ಮೀಟರಿಗೆ 8 ರೂಪಾಯಿ ಆಯಿತು. ಅದರ ಮೇಲೆ ನೂರಕ್ಕೆ 5ರಂತೆ ಲೈಬ್ರರಿ ಸೆಸ್. ಒಟ್ಟು 960ರ ಹತ್ತಿರ ಬಂತು. ಸಾಲದ್ದಕ್ಕೆ ವರ್ಷ ವರ್ಷ ನೂರಕ್ಕೆ 5 ಏರುತ್ತಾ ಹೋಗುತ್ತದೆ ಅಂದರು. ಮನೆಗೆ ಹೊಸದಾಗಿ ಏನಾದರೂ ಕೂಡಿಸಿ ಕಟ್ಟಿದ್ದರೆ ನೀವೇ ಬರೆದುಕೊಡಿ, ಇಲ್ಲದಿದ್ದರೆ ದಂಡ ಅಂತ ಬೇರೆ ಸುದ್ದಿ. ನಾವು ತಾರಸಿಯ ಮೇಲೆ ಅಡಿಕೆ ಒಣಗಿಸಲು, ಮಳೆಗೆ ಸೋರದ ಹಾಗೆ ಶೀಟ್ ಹಾಕಿಸಿದ್ದೆವು. ನನಗೆ ಅದರದ್ದೇ ಹೆದರಿಕೆ. ನಮ್ಮವರು ಇರುವುದು ಗಲ್ಫಿನಲ್ಲಿ. ಮನೆಯಲ್ಲಿ ನಾನು, ಅತ್ತೆ, ಮಗಳು.

ಆಗ ಬಂದರು ಈ ಮಹಾನುಭಾವರು. ಪೇಟೆಯಲ್ಲಿ ಜನರಿಗೆ ಫಾರ್ಮ್ ತುಂಬಿಸಿ ಕೊಡುವವರು. ಕನ್ನಡದವರೇ. ಕಂಕುಳಲ್ಲಿ ಒಂದು ನೀಲಿ ಫೈಲು. ಜಗಲಿಯಲ್ಲಿ ಕೂತು ಚಾ ಕುಡಿದು, ತಾರಸಿಯ ಶೀಟನ್ನೊಮ್ಮೆ ನೋಡಿ, "ಇದಕ್ಕೆ ದಂಡ ಬೀಳ್ತದೆ ಅಕ್ಕ" ಅಂದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು ಅವರಿಗೆ. "ಹೆದರುವುದು ಎಂತಕ್ಕೆ? ಅರುವತ್ತು ಮೀಟರಿನ ಒಂದು ಸ್ಕೀಮ್ ಉಂಟು. ಅದರಲ್ಲಿ ಹಾಕಿದರೆ ತೆರಿಗೆಯೇ ಇಲ್ಲ. ನೀವು ಪಂಚಾಯತಿಗೆ ಅಲೆಯುವುದು ಬೇಡ, ನಾನು ಎಲ್ಲ ಮಾಡಿಸಿ ಕೊಡ್ತೇನೆ."

3,500 ರೂಪಾಯಿ ಕೇಳಿದರು. ಕೊಟ್ಟೆ. ರಶೀದಿ ಇಲ್ಲ, ಚೀಟಿ ಇಲ್ಲ. ಈಗ ಲೆಕ್ಕ ಹಾಕಿದರೆ ನಗು ಬರುತ್ತದೆ. ವರ್ಷಕ್ಕೆ 960 ರೂಪಾಯಿ ಉಳಿಸಲು ಮೂರು ವರ್ಷದ ತೆರಿಗೆಗಿಂತ ಜಾಸ್ತಿ ದುಡ್ಡನ್ನು ಒಂದೇ ದಿನ ಕೈಯಾರೆ ಎತ್ತಿ ಕೊಟ್ಟಿದ್ದೆ. ಫಾರ್ಮ್ ಪೂರ್ತಿ ಮಲಯಾಳದಲ್ಲಿತ್ತು. ಮೂರು ಕಡೆ ಪೆನ್ಸಿಲಿನಲ್ಲಿ ಗುಣಿಸು ಚಿಹ್ನೆ ಹಾಕಿ ಕೊಟ್ಟರು. ಮೂರೂ ಕಡೆ ಸೈನ್ ಹಾಕಿದೆ, ಕನ್ನಡದಲ್ಲಿ.

ಒಂದು ತಿಂಗಳಲ್ಲಿ "ಆಯ್ತು ಅಕ್ಕ, ಇನ್ನು ನಿಮಗೆ ತೆರಿಗೆ ಇಲ್ಲ" ಅಂತ ಫೋನ್ ಬಂತು. ಹೌದು, ಎರಡು ವರ್ಷ ಯಾರೂ ಕೇಳಲಿಲ್ಲ. ನಾನು ಅಕ್ಕಪಕ್ಕದವರ ಹತ್ತಿರ ಅವರನ್ನು ಹೊಗಳಿದ್ದೂ ಹೊಗಳಿದ್ದೇ.

2025ರ ಮೇ ತಿಂಗಳು. ತಾರಸಿಯಲ್ಲಿ ಬಿರುಕು ಬಿಟ್ಟು ಅತ್ತೆಯ ಕೋಣೆ ಸೋರಲು ಶುರುವಾಗಿತ್ತು. ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸುವ ಅಂತ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಾಲಕ್ಕೆ ಹೋದೆ. ಪಂಚಾಯತಿನ ಓನರ್‌ಶಿಪ್ ಸರ್ಟಿಫಿಕೇಟ್ ತನ್ನಿ ಅಂದರು. ತಂದುಕೊಟ್ಟೆ. ವಿಲೇಜ್ ಆಫೀಸಿನಲ್ಲಿ ಜಾಗದ ತೀರ್ವೆ ಕಟ್ಟಿದ ರಶೀದಿ ಕೊಟ್ಟೆ. ಮನೆ ಕಟ್ಟಿದಾಗ ಕಂದಾಯ ಇಲಾಖೆಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಉಂಟಲ್ಲ, 100 ಚದರ ಮೀಟರಿಗಿಂತ ದೊಡ್ಡ ಮನೆಗಳಿಗೆ, ಅದರ ಹಳೆಯ ಕಾಗದ ಅತ್ತೆಯ ಟ್ರಂಕಿನಲ್ಲಿತ್ತು. ಅದನ್ನೂ ಜೊತೆಗೆ ಇಟ್ಟೆ. ಕಾಗದ ಜಾಸ್ತಿ ಇದ್ದಷ್ಟು ಒಳ್ಳೆಯದು ಅಂತ ನನ್ನ ಎಣಿಕೆ.

ಬ್ಯಾಂಕಿನವರು ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ನನ್ನ ಕಡೆ ತಿರುಗಿಸಿದರು. ಕಂದಾಯದ್ದರಲ್ಲಿ 114 ಚದರ ಮೀಟರ್. ಪಂಚಾಯತಿನದ್ದರಲ್ಲಿ 57. "ಅಕ್ಕ, ಅರ್ಧ ಮನೆ ಎಲ್ಲಿಗೆ ಹೋಯ್ತು?"

ಸಾಲ ಅಲ್ಲಿಗೇ ನಿಂತಿತು.

ಪಂಚಾಯತಿಗೆ ಓಡಿದೆ. ಅಲ್ಲಿದ್ದ ಕ್ಲಾರ್ಕ್ ತೆಂಕಣ ಜಿಲ್ಲೆಯ ಹುಡುಗಿ, ಕನ್ನಡ ಬಾರದು. ಆದರೆ ಪಾಪ, ತಾಳ್ಮೆ ಇತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ, ನೀವು ಸೈನ್ ಹಾಕಿದ್ದರ ಕಾಪಿ ಸಿಗುತ್ತದೆ ಅಂತ ದಾರಿ ಹೇಳಿಕೊಟ್ಟದ್ದೇ ಅವಳು. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಟ್ಟೆ. ಕಾಪಿ ಬಂದಾಗ ಮಗಳು ಓದಿ ಹೇಳಿದಳು. ಅವಳು ಶಾಲೆಯಲ್ಲಿ ಮಲಯಾಳ ಕಲಿತಿದ್ದಾಳೆ. ಎರಡು ವರ್ಷ ಮೊದಲೇ ಅವಳ ಕೈಗೆ ಆ ಫಾರ್ಮ್ ಕೊಟ್ಟಿದ್ದರೆ ಮುಗಿಯುತ್ತಿತ್ತು! ಅವಳು ಆವತ್ತು ಟ್ಯೂಷನಿಗೆ ಹೋಗಿದ್ದಳು, ನನಗೆ ಸಂಜೆಯವರೆಗೆ ಕಾಯುವಷ್ಟು ಪುರುಸೊತ್ತು ಇರಲಿಲ್ಲ.

ಅದರಲ್ಲಿ ಬರೆದಿದ್ದದ್ದು ಇಷ್ಟು: ಮನೆಯ ಹಿಂದಿನ ಭಾಗ ಹಳತಾದ ಕಾರಣ ಕೆಡವಿದ್ದೇನೆ, ಈಗ ಉಳಿದಿರುವುದು 57 ಚದರ ಮೀಟರ್ ಮಾತ್ರ, ಇದರಲ್ಲಿ ನಾನೇ ವಾಸವಾಗಿದ್ದೇನೆ, ತೆರಿಗೆಯಿಂದ ವಿನಾಯಿತಿ ಕೊಡಬೇಕು. ಕೆಳಗೆ ನನ್ನ ಸೈನ್.

ಹಿಂದಿನ ಭಾಗ ಅಂದರೆ ಅಡುಗೆಮನೆ, ಬಾವಿ ಕಡೆಯ ಕೋಣೆ, ಅತ್ತೆಯ ಕೋಣೆ. ನಾನು ಆ ಕಾಗದ ಹಿಡಿದುಕೊಂಡು ನಿಂತದ್ದೂ ಅದೇ ಅಡುಗೆಮನೆಯಲ್ಲಿ. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನ ಕುದಿಯುತ್ತಿತ್ತು. ಅತ್ತೆ ಕೇಳಿದರು, "ಹಾಗಾದ್ರೆ ಎರಡು ವರ್ಷದಿಂದ ನಾನು ಮಲಗುವುದು ಎಲ್ಲಿ?"

ಆ ಮಹಾನುಭಾವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹುಡುಕಿಕೊಂಡು ಪೇಟೆಗೆ ಹೋದೆ. ಸಿಕ್ಕಿದರು. ಜೋರು ಮಾಡಿದರೆ ಅವರದ್ದು ಒಂದೇ ಮಾತು, "ಸೈನ್ ಹಾಕಿದ್ದು ನೀವಲ್ವಾ?" ದುಡ್ಡು ಕೊಟ್ಟದ್ದಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಪೊಲೀಸಿಗೆ ಕೊಡಿ ಅಂತ ಕೆಲವರು ಹೇಳಿದರು. ಸುಳ್ಳು ಬರೆದುಕೊಟ್ಟವಳು ಕಾಗದದ ಪ್ರಕಾರ ನಾನೇ, ಮತ್ತೆ ಎಂತ ಕೊಡುವುದು?

ಕೊನೆಗೆ ಪಂಚಾಯತ್ ಸೆಕ್ರೆಟರಿಗೆ ನಡೆದದ್ದೆಲ್ಲ ಕನ್ನಡದಲ್ಲೇ ಬರೆದುಕೊಟ್ಟೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು, ನಮ್ಮ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡಬಹುದು. ಮೊದಲು ಸ್ವಲ್ಪ ಮುಖ ಸಿಂಡರಿಸಿದರು, ಆಮೇಲೆ ತೆಗೆದುಕೊಂಡರು. ಓವರ್‌ಸಿಯರ್ ಟೇಪ್ ಹಿಡಿದು ಬಂದು ಇಡೀ ಮನೆ ಅಳೆದರು. ಬಾಕಿ ತೆರಿಗೆ, ಅದರ ಬಡ್ಡಿ, ದಂಡ ಎಲ್ಲ ಸೇರಿ ನಾಲ್ಕು ಸಾವಿರದ ಚಿಲ್ಲರೆ ಆಯಿತು. ನೋಟೀಸ್ ಒಪ್ಪಿಗೆ ಇಲ್ಲದಿದ್ದರೆ 30 ದಿನದ ಒಳಗೆ ಪಂಚಾಯತಿನ ಹಣಕಾಸು ಸ್ಥಾಯಿ ಸಮಿತಿಗೆ ಅಪೀಲು ಹಾಕಬಹುದು ಅಂತಲೂ ಅವರೇ ಹೇಳಿದರು. ನಾನು ಹಾಕಲಿಲ್ಲ. ಯಾವ ಬಾಯಲ್ಲಿ ಹಾಕುವುದು?

ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಮಳೆಗೆ. ಸಾಲ ಕೈಗೆ ಬರುವಾಗ ಆಟಿ ತಿಂಗಳು, ಅಂದರೆ ಜುಲೈ ಅರ್ಧ ಕಳೆದಿತ್ತು. ಅಷ್ಟರವರೆಗೆ ಅತ್ತೆಯ ಮಂಚವನ್ನು ಚಾವಡಿಗೆ ತಂದು, ಅವರ ಕೋಣೆಯಲ್ಲಿ ಎರಡು ಬಕೆಟ್, ಒಂದು ಅನ್ನದ ಚೆರಿಗೆ ಇಟ್ಟು ಕಾದೆವು. ರಾತ್ರಿ ಬಕೆಟ್ ತುಂಬಿದ್ದು ನೀರಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಎದ್ದು ಚೆಲ್ಲಿ ಬರುವುದು.

ತಮಾಷೆ ಏನು ಗೊತ್ತಾ? ತೆರಿಗೆ ಕಡಿಮೆ ಮಾಡಲು ನಿಜವಾದ ದಾರಿಗಳು ಇದ್ದವು. ನನಗೇ ಇದ್ದವು. ಅದು ಗೊತ್ತಾದದ್ದು ಓವರ್‌ಸಿಯರ್ ಅಳೆಯಲು ಬಂದಾಗ.

ಒಂದನೆಯದು ರಸ್ತೆ. ತೆರಿಗೆ ಹಾಕುವಾಗ ಮನೆಯ ವಿಸ್ತೀರ್ಣ ಮಾತ್ರ ನೋಡುವುದಲ್ಲ. ಮನೆ ಯಾವ ವಲಯದಲ್ಲಿದೆ, ಎದುರಿನ ರಸ್ತೆ ಎಷ್ಟು ಅಗಲ, ಮನೆಗೆ ಎಷ್ಟು ವಯಸ್ಸು, ಮಾಡು (ಚಾವಣಿ) ಎಂತದ್ದು, ನೆಲಕ್ಕೆ ಎಂತ ಹಾಕಿದ್ದು ಅಂತೆಲ್ಲ ನೋಡಿ ಕೂಡಿಸುತ್ತಾರೆ, ಕಳೆಯುತ್ತಾರೆ. ನಮ್ಮ ಮನೆಯ ಲೆಕ್ಕದಲ್ಲಿ 5 ಮೀಟರಿಗಿಂತ ಅಗಲದ ರಸ್ತೆ ಇದೆ ಅಂತ ಇತ್ತು! ನಮ್ಮದು ಒಂದು ರಿಕ್ಷಾ ಬಂದರೆ ಕನ್ನಡಿ ಬೇಲಿಗೆ ಉಜ್ಜುವ ಮಣ್ಣಿನ ದಾರಿ. ಯಾವ ಕಾಲದಲ್ಲಿ ಯಾರು ಬರೆದದ್ದೋ. ಓವರ್‌ಸಿಯರ್ ಸ್ವತಃ ನೋಡಿ ಸರಿ ಮಾಡಿಸಿದರು. ಹಾಗಾಗಿ ನಿಮ್ಮ ಮನೆಯ ತೆರಿಗೆ ಲೆಕ್ಕದಲ್ಲಿ ಎಂತ ಎಂತ ಬರೆದಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ನೆಲಕ್ಕೆ ರೆಡ್ ಆಕ್ಸೈಡ್ ಹಾಕಿದವರ ಹೆಸರಿನಲ್ಲಿ ಗ್ರಾನೈಟ್ ಇದ್ದರೂ ಇರಬಹುದು.

ಎರಡನೆಯದು ಹಳೆ ಮನೆ. ಮಾವನ ಕಾಲದ ಹಂಚಿನ ಮನೆ ಅದೇ ಜಾಗದಲ್ಲಿತ್ತು. ಅದನ್ನು ಕೆಡವಿ ವರ್ಷಗಳಾಗಿವೆ, ಈಗ ಅಲ್ಲಿ ಬಾಳೆ ಇದೆ. ಆದರೆ ಮನೆ ನಂಬರ್ ಪಂಚಾಯತಿನ ಪುಸ್ತಕದಲ್ಲಿ ಹಾಗೇ ಕೂತಿತ್ತು, ತೆರಿಗೆ ಬಾಕಿ ಬೆಳೆಯುತ್ತಾ. ಕೆಡವಿದ ಮನೆಗೆ ತೆರಿಗೆ ಬರುತ್ತಿತ್ತು, ಇರುವ ಮನೆಯನ್ನು ನಾನು ಕೆಡವಿದ್ದೇನೆ ಅಂತ ಬರೆದುಕೊಟ್ಟಿದ್ದೆ. ಹೇಗಿದೆ? ಹಳೆ ಮನೆ ಕೆಡವಿದವರು ಕೂಡಲೇ ಅರ್ಜಿ ಕೊಟ್ಟು ನಂಬರ್ ತೆಗೆಸಿಬಿಡಿ. ಪಂಚಾಯತಿಗೆ ತಾನಾಗಿ ಗೊತ್ತಾಗುವುದಿಲ್ಲ.

ಇನ್ನು ಆ ತಾರಸಿಯ ಶೀಟ್. ಇಷ್ಟೆಲ್ಲ ರಾಮಾಯಣ ಶುರುವಾದದ್ದೇ ಅದರಿಂದ. ಸೋರದ ಹಾಗೆ ಮೇಲೆ ಹಾಕಿದ ಶೀಟಿಗೆ ತೆರಿಗೆ ಕೂಡಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೋಣೆ ಮಾಡಿದರೆ ಮಾತ್ರ ಲೆಕ್ಕ ಅಂದರು ಓವರ್‌ಸಿಯರ್. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

60 ಮೀಟರಿನ ವಿನಾಯಿತಿ ಸುಳ್ಳಲ್ಲ, ಅದು ನಿಜವಾಗಿಯೂ ಇದೆ. ಆ ಮಹಾನುಭಾವರು ಹೇಳಿದ ಸುಳ್ಳಿನ ಒಳಗೆ ಅಷ್ಟು ನಿಜ ಇದ್ದದ್ದರಿಂದಲೇ ನಾನು ನಂಬಿದ್ದು. 60 ಚದರ ಮೀಟರ್ ಅಂದರೆ ಸುಮಾರು 646 ಚದರ ಅಡಿ. ಅಷ್ಟರ ಒಳಗಿನ ಸ್ವಂತ ಮನೆ, ಅದರಲ್ಲಿ ನೀವೇ ವಾಸ ಇರಬೇಕು, ಒಬ್ಬರಿಗೆ ಒಂದೇ ಮನೆ. ಫ್ಲಾಟ್‌ಗಳಿಗೆ ಇಲ್ಲ. ಮನೆ ಇಲ್ಲದವರಿಗೆ ಕೇರಳ ಸರಕಾರ ಕೊಡುವ ಲೈಫ್ ಯೋಜನೆಯಲ್ಲಿ ಕಟ್ಟಿದ ಮನೆಗಳು 400, 420 ಚದರ ಅಡಿಯವು, ಅವು ಆರಾಮದಲ್ಲಿ ಇದರೊಳಗೆ ಬರುತ್ತವೆ. ಮಾಜಿ ಸೈನಿಕರ ಮನೆಗೂ ಬೇರೆ ವಿನಾಯಿತಿ ಇದೆ, ಅವರು ಪಂಚಾಯತಿನಲ್ಲಿ ಕೇಳಬೇಕು.

ನನ್ನ ಹಾಗೆ ದೊಡ್ಡ ಮನೆಯವರಿಗೆ ಉಳಿಯುವುದು ಹೊತ್ತಿಗೆ ಸರಿಯಾಗಿ ಕಟ್ಟುವುದರಲ್ಲಿ. ಇಡೀ ವರ್ಷದ್ದನ್ನು ಏಪ್ರಿಲ್ 30ರ ಒಳಗೆ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಇಲ್ಲದಿದ್ದರೆ ಸೆಪ್ಟೆಂಬರ್ 30 ಮತ್ತು ಮಾರ್ಚ್ 31, ಎರಡು ಕಂತು. ತಪ್ಪಿದರೆ ತಿಂಗಳು ತಿಂಗಳು ದಂಡಬಡ್ಡಿ ಏರುತ್ತದೆ. ಹಳೆ ಬಾಕಿ ಇರುವವರು ಫೆಬ್ರವರಿ, ಮಾರ್ಚಿನಲ್ಲಿ ಒಮ್ಮೆ ವಿಚಾರಿಸಿ. ಬಾಕಿ ಪೂರ್ತಿ ಒಟ್ಟಿಗೆ ಕಟ್ಟಿದರೆ ದಂಡಬಡ್ಡಿ ಮನ್ನಾ ಅಂತ ಸರಕಾರ ಕೆಲವು ವರ್ಷ ಬಿಟ್ಟದ್ದುಂಟು. ಈಗ ಪಂಚಾಯತುಗಳಿಗೂ ಸರಕಾರದ ಆನ್‌ಲೈನ್ ಸೇವೆ ಕೆ-ಸ್ಮಾರ್ಟ್ ಬಂದಿದೆ, ಮೊಬೈಲಿನಲ್ಲೇ ಕಟ್ಟಬಹುದು. ಆಗದಿದ್ದರೆ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಅಲ್ಲಿ ತೆಗೆದುಕೊಳ್ಳುವುದು ಸಣ್ಣ ಸೇವಾ ಶುಲ್ಕ, ನನ್ನ ಹಾಗೆ 3,500 ಅಲ್ಲ.

ಮತ್ತೆ ಸೈನ್ ಹಾಕುವ ಮೊದಲು ಯಾರ ಹತ್ತಿರವಾದರೂ ಓದಿಸಿ ಮಾರಾಯ್ರೆ. ಶಾಲೆಗೆ ಹೋಗುವ ಮಕ್ಕಳು ಸಾಕು. ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಲ್ಲಿ ಒಬ್ಬರಾದರೂ ಮಲಯಾಳ ಓದುವವರು ಇದ್ದೇ ಇರುತ್ತಾರೆ. ಓದಿಸಿದ ಮೇಲೆ ಒಂದು ಫೋಟೋ ಹೊಡೆದು ಇಟ್ಟುಕೊಳ್ಳಿ. "ಅರ್ಜೆಂಟ್ ಉಂಟು, ಈಗಲೇ ಸೈನ್ ಹಾಕಿ" ಅಂದರೆ ಹಾಕಲೇಬೇಡಿ. ತೆರಿಗೆ ವಿನಾಯಿತಿಯ ಅರ್ಜಿಗೆ ಎಂತ ಅರ್ಜೆಂಟ್?

ಹೋದ ವಾರ ಅದೇ ನೀಲಿ ಫೈಲು ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಕಂಡಿತು. ಅವರದ್ದು ಲೈಫ್ ಯೋಜನೆಯ ಮನೆ, 420 ಚದರ ಅಡಿ. ನ್ಯಾಯವಾಗಿಯೇ ವಿನಾಯಿತಿ ಸಿಗಬೇಕಾದವರು. ಅವರ ಹತ್ತಿರ 2,000 ಕೇಳಿದ್ದರಂತೆ. ನಾನು ಮಗಳನ್ನು ಕರೆದುಕೊಂಡು ಬೇಲಿ ದಾಟಿ ಹೋದೆ. "ಫಾರ್ಮ್ ಕೊಡಿ, ಇವಳು ಓದಿ ಹೇಳ್ತಾಳೆ" ಅಂದೆ. ಫೈಲಿನವರು ವಾಚ್ ನೋಡಿಕೊಂಡು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದರು. ಚಾ ಅರ್ಧ ಲೋಟ ಹಾಗೇ ಉಳಿದಿತ್ತು.

ಮರುದಿನ ನಾವೇ ಅಕ್ಷಯ ಕೇಂದ್ರಕ್ಕೆ ಹೋಗಿ ಅವರ ಅರ್ಜಿ ಹಾಕಿಸಿದೆವು. ರಶೀದಿ ಬಂದಿದೆ. ಇನ್ನು ಓವರ್‌ಸಿಯರ್ ಅಳೆಯಲು ಬರಬೇಕು.